ಜುನೋಸ್ ಕಮಾಂಡ್ ಲೈನ್: ಆರು ವರ್ಷಗಳ ಬಳಕೆಯ ಅನುಭವ

ನಾನು ಕೆಲಸ ಮಾಡುವ ಕಾಲೇಜಿಗೆ ಜುನಿಪರ್ ಕಂಪನಿಯ ಇಎಕ್ಸ್ ಸರಣಿಯ ಸ್ವಿಚ್‌ಗಳು (ಕಂಪ್ಯೂಟರ್‌ಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಸಾಧನಗಳು) ಬಂದು ಆರು ವರ್ಷಗಳಾದವು. ಪೋರ್ಟ್ ಬದಲಿಸುವುದರಿಂದ ಹಿಡಿದು ದೋಷ ಹುಡುಕುವವರೆಗೆ ಎಲ್ಲ ಕೆಲಸವನ್ನೂ ಅವುಗಳ ಕಾರ್ಯಾಚರಣ ವ್ಯವಸ್ಥೆಯಾದ ಜುನೋಸ್‌ನ ಕಮಾಂಡ್ ಲೈನಿನಲ್ಲೇ (ಆದೇಶಗಳನ್ನು ಟೈಪ್ ಮಾಡುವ ಪರದೆಯಲ್ಲೇ) ಮಾಡುತ್ತಾ ಬಂದಿರುವುದರಿಂದ, ಈ ವಿಮರ್ಶೆಯೂ ಅದಕ್ಕೇ ಸೀಮಿತವಾಗಿದೆ.

ಲಾಗಿನ್ ಆದ ಕೂಡಲೇ ಕಾಣುವ ಪ್ರಾಂಪ್ಟ್ '>' ಚಿಹ್ನೆಯಿಂದ ಕೊನೆಗೊಳ್ಳುತ್ತದೆ. ಇದು ಸಾಧನದ ಸ್ಥಿತಿಗತಿ ನೋಡುವ ಹಂತ. 'ಕಾನ್ಫಿಗರ್' ಎಂದು ಕೊಟ್ಟರೆ ಚಿಹ್ನೆ '#' ಆಗುತ್ತದೆ. ಅಲ್ಲಿಂದ ಮುಂದೆ ಇಡೀ ಕಾನ್ಫಿಗರೇಷನ್, ಅಂದರೆ ಸಾಧನದ ಸೆಟ್ಟಿಂಗ್‌ಗಳು, ಒಂದು ಮರದಂತೆ ತೆರೆದುಕೊಳ್ಳುತ್ತದೆ: 'ಎಡಿಟ್ ಇಂಟರ್‌ಫೇಸಸ್' ಎಂದರೆ ಆ ಕೊಂಬೆಯೊಳಗೆ ಇಳಿಯುತ್ತೇವೆ, 'ಅಪ್' ಎಂದರೆ ಒಂದು ಮೆಟ್ಟಿಲು ಮೇಲೆ ಬರುತ್ತೇವೆ, 'ಟಾಪ್' ಎಂದರೆ ನೇರ ಬುಡಕ್ಕೆ ಮರಳುತ್ತೇವೆ. ಈಗ ಎಲ್ಲಿದ್ದೇವೆ ಎಂಬುದನ್ನು ಪ್ರಾಂಪ್ಟ್‌ನ ಮೇಲಿನ ಸಾಲು ಚೌಕ ಆವರಣದೊಳಗೆ ತೋರಿಸುತ್ತಲೇ ಇರುತ್ತದೆ. ಕಾನ್ಫಿಗರೇಷನ್‌ನ ಆಳದಲ್ಲಿರುವಾಗ ಪೋರ್ಟ್‌ಗಳ ಸ್ಥಿತಿ ನೋಡಬೇಕಾದರೆ ಹೊರಗೆ ಬರಬೇಕಿಲ್ಲ. 'ರನ್ ಶೋ ಇಂಟರ್‌ಫೇಸಸ್ ಟರ್ಸ್' ಎಂದರೆ ಸಾಕು. ಪದದ ಮೊದಲ ಕೆಲವು ಅಕ್ಷರ ಟೈಪ್ ಮಾಡಿ ಸ್ಪೇಸ್ ಒತ್ತಿದರೆ ಕಮಾಂಡ್ ಪೂರ್ಣಗೊಳ್ಳುತ್ತದೆ, ಟ್ಯಾಬ್ ಒತ್ತಿದರೆ ನಾವೇ ವಿಲ್ಯಾನ್‌ಗಳಿಗೆ (ಸ್ವಿಚ್‌ನೊಳಗೆ ಬೇರ್ಪಡಿಸಿದ ಜಾಲಗಳಿಗೆ) ಇಟ್ಟ ಹೆಸರುಗಳೂ ಪೂರ್ಣಗೊಳ್ಳುತ್ತವೆ, ಎಲ್ಲಿ ತೋಚದಿದ್ದರೂ ಪ್ರಶ್ನಾರ್ಥಕ ಚಿಹ್ನೆ ಮುಂದಿನ ದಾರಿಗಳನ್ನು ಪಟ್ಟಿ ಮಾಡುತ್ತದೆ.

ಆದರೆ ನಾನು ಈ ವ್ಯವಸ್ಥೆಯನ್ನು ಮೆಚ್ಚಿಕೊಂಡದ್ದು 'ಕಮಿಟ್' ಕಾರಣಕ್ಕೆ. ಹಿಂದೆ ನಮ್ಮಲ್ಲಿದ್ದ ಬೇರೊಂದು ಕಂಪನಿಯ ಸ್ವಿಚ್‌ನಲ್ಲಿ ಎಂಟರ್ ಒತ್ತಿದ ಕ್ಷಣವೇ ಪ್ರತಿ ಸಾಲೂ ಜಾರಿಗೆ ಬರುತ್ತಿತ್ತು. ಒಂದು ರಾತ್ರಿ ಮನೆಯಿಂದಲೇ ಅಪ್‌ಲಿಂಕ್ ಪೋರ್ಟ್ (ಸ್ವಿಚ್ಚನ್ನು ಉಳಿದ ಜಾಲಕ್ಕೆ ಜೋಡಿಸುವ ಪೋರ್ಟ್) ತಿದ್ದಲು ಹೋಗಿ ಸಂಪರ್ಕ ಕಡಿದುಕೊಂಡು, ಕನ್ಸೋಲ್ ಕೇಬಲ್ ಹಿಡಿದು ಕಾಲೇಜಿಗೆ ಓಡಬೇಕಾಯಿತು. ಜುನೋಸ್‌ನಲ್ಲಿ ನಾವು ತಿದ್ದುವುದು ಕರಡು ಪ್ರತಿಯನ್ನು; 'ಕಮಿಟ್' ಎಂದು ಕೊಟ್ಟಾಗಲೇ ಅದು ಜಾರಿಗೆ ಬರುತ್ತದೆ. 'ಶೋ | ಕಂಪೇರ್' ಎಂದರೆ ಸೇರಿಸಿದ್ದು ಕೂಡುವ ಚಿಹ್ನೆಯೊಂದಿಗೆ, ತೆಗೆದದ್ದು ಕಳೆಯುವ ಚಿಹ್ನೆಯೊಂದಿಗೆ ಕಾಣುತ್ತದೆ. 'ಕಮಿಟ್ ಕನ್ಫರ್ಮ್ಡ್ 5' ಎಂದು ಕೊಟ್ಟರೆ, ಐದು ನಿಮಿಷದೊಳಗೆ ನಾವು ಮತ್ತೊಮ್ಮೆ ಕಮಿಟ್ ಮಾಡದಿದ್ದಲ್ಲಿ ಸಾಧನ ತಾನಾಗಿಯೇ ಹಳೆಯ ಸ್ಥಿತಿಗೆ ಮರಳುತ್ತದೆ. ಸಂಖ್ಯೆ ಕೊಡದಿದ್ದರೆ ಅವಧಿ 10 ನಿಮಿಷ. ಎರಡು ವರ್ಷದ ಹಿಂದೆ ಹಾಸ್ಟೆಲ್ ಕಡೆಯ ಟ್ರಂಕ್‌ನಿಂದ (ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಸಂಪರ್ಕದಿಂದ) ಬೇಡದ ವಿಲ್ಯಾನ್ ತೆಗೆಯುವಾಗ ನಿರ್ವಹಣೆಯ ವಿಲ್ಯಾನನ್ನೂ ತೆಗೆದುಬಿಟ್ಟೆ. ಪರದೆ ಸ್ತಬ್ಧವಾಯಿತು. ಗಡಿಯಾರ ನೋಡುತ್ತಾ ಕುಳಿತೆ. ಐದು ನಿಮಿಷ ಕಳೆದ ಮೇಲೆ ಮತ್ತೆ ಲಾಗಿನ್ ಆದೆ. ಆ ಐದು ನಿಮಿಷಗಳ ಬೆಲೆ ಈ ಕೆಲಸ ಮಾಡಿದವರಿಗೆ ಗೊತ್ತು.

ಹಳೆಯ ಪ್ರತಿಗಳಿಗೆ 'ರೋಲ್‌ಬ್ಯಾಕ್' ಇದೆ. 0 ಎಂದರೆ ಈಗ ಚಾಲ್ತಿಯಲ್ಲಿರುವುದು, ಅಲ್ಲಿಂದ 49ರವರೆಗೆ ಹಿಂದೆ ಹೋಗಬಹುದು. ರೋಲ್‌ಬ್ಯಾಕ್ ಹಳೆಯದನ್ನು ಕರಡಿಗೆ ತರುತ್ತದೆ ಅಷ್ಟೇ, ಜಾರಿಗೆ ಬರಲು ಮತ್ತೆ ಕಮಿಟ್ ಮಾಡಬೇಕು. ಹೊಸಬರು ಇದನ್ನು ಮರೆಯುವುದನ್ನು ಹಲವು ಬಾರಿ ಕಂಡಿದ್ದೇನೆ.

ಇಬ್ಬರು ಒಂದೇ ಸ್ವಿಚ್‌ನಲ್ಲಿ ಕೆಲಸ ಮಾಡುವಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಸಾಮಾನ್ಯ 'ಕಾನ್ಫಿಗರ್'ನಲ್ಲಿ ಕರಡು ಎಲ್ಲರಿಗೂ ಒಂದೇ ಆಗಿರುವುದರಿಂದ, ಒಬ್ಬರು ಕಮಿಟ್ ಮಾಡಿದಾಗ ಇನ್ನೊಬ್ಬರ ಅರ್ಧಂಬರ್ಧ ಬದಲಾವಣೆಯೂ ಜಾರಿಯಾಗುತ್ತದೆ. ನಾವು ಈಗ ಪ್ರತಿಯೊಬ್ಬರಿಗೂ ಪ್ರತ್ಯೇಕ ಕರಡು ಕೊಡುವ 'ಕಾನ್ಫಿಗರ್ ಪ್ರೈವೇಟ್' ಮಾತ್ರ ಬಳಸುತ್ತೇವೆ, ಪ್ರತಿ ಕಮಿಟ್‌ಗೂ ಕಾರಣವನ್ನು 'ಕಾಮೆಂಟ್' ಆಗಿ ಬರೆಯುತ್ತೇವೆ. ಅದು 'ಶೋ ಸಿಸ್ಟಮ್ ಕಮಿಟ್'ನಲ್ಲಿ ದಿನಾಂಕದೊಂದಿಗೆ ಸಿಗುತ್ತದೆ.

ಪುಷ್ಪಾವರಣಗಳಿಂದ ತುಂಬಿದ ಉದ್ದನೆಯ ಕಾನ್ಫಿಗರೇಷನ್ ಮೊದಲು ಓದಲು ಕಷ್ಟವೆನಿಸಬಹುದು. 'ಶೋ | ಡಿಸ್‌ಪ್ಲೇ ಸೆಟ್' ಅದನ್ನೇ ಒಂದೊಂದು ಸಾಲಿನ ಕಮಾಂಡ್‌ಗಳಾಗಿ ಬಿಡಿಸಿ ತೋರಿಸುತ್ತದೆ, ಅವನ್ನು ನಕಲಿಸಿ ಇನ್ನೊಂದು ಸ್ವಿಚ್‌ಗೆ ಹಾಕಲೂಬಹುದು. ಹೊಸದಾಗಿ ಸೇರಿದವರಿಗೆ ನಾನು ಮೊದಲು ಕಲಿಸುವುದು ಇದನ್ನು ಮತ್ತು 'ಶೋ | ಕಂಪೇರ್'ಅನ್ನು. ಇವೆರಡೂ ಕೈಗೆ ಹತ್ತುವವರೆಗೆ ಹಾಸ್ಟೆಲ್ ಸ್ವಿಚ್‌ಗಳ ಪಾಸ್‌ವರ್ಡ್ ಕೊಡುವುದಿಲ್ಲ.