ಮ್ಯಾಜಿಕ್ ಕಾರ್ಡನ್ನೇ ಡಿ ಆ್ಯಂಡ್ ಡಿ ಐಟಂ ಮಾಡಿದ್ರೆ ಹೇಗೆ? ವರ್ಷಗಟ್ಟಲೆ ಆಡಿದ ಮೇಲೆ ಬರೀತಿದ್ದೇನೆ

ಮೊದ್ಲೇ ಹೇಳಿಬಿಡ್ತೇನೆ, ನಿಮ್ಮ ಕಪಾಟಿನಲ್ಲಿ ಮ್ಯಾಜಿಕ್ ದ ಗ್ಯಾದರಿಂಗ್ ಅನ್ನುವ ಕಾರ್ಡಾಟದ ಹಳೇ ಕಾರ್ಡುಗಳ ಡಬ್ಬಿ ಉಂಟು, ಜೊತೆಗೆ ನೀವು ಡಂಜನ್ಸ್ ಆ್ಯಂಡ್ ಡ್ರಾಗನ್ಸ್ (ಡಿ ಆ್ಯಂಡ್ ಡಿ, ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ ದಾಳ ಎಸೆದು ಕಥೆ ಕಟ್ಟುವ ಆಟ) ಆಡಿಸುವ ಡಿಎಂ, ಅಂದ್ರೆ ಕಥೆ ನಡೆಸುವವ, ಕೂಡ ಹೌದು ಅಂತಾದ್ರೆ ಆ ಡಬ್ಬಿ ಯಾರಿಗೂ ಕೊಡ್ಬೇಡಿ, ನಿಮ್ಮ ಕ್ಯಾಂಪೇನಿಗೆ (ವಾರ ವಾರ ಮುಂದುವರಿಯುವ ಕಥೆಗೆ) ಬೇಕಾದ ಕತ್ತಿ, ಉಂಗುರ, ಬೂಟು, ಔಷಧಿ ಬಾಟ್ಲಿ ಎಲ್ಲ ಅದ್ರಲ್ಲೇ ಉಂಟು. ನಾವು ಮುಂಬೈಯ ಮಾಟುಂಗದಲ್ಲಿ ಒಬ್ಬರ ಫ್ಲ್ಯಾಟಿನಲ್ಲಿ ಭಾನುವಾರ ಸೇರುವ ಗುಂಪು, ಮುಲುಂಡಿನವರು ಉಂಟು, ಡೊಂಬಿವಲಿಯವ ಉಂಟು, ಊರು ಯಾವುದು ಕೇಳಿದ್ರೆ ಹೆಚ್ಚಿನವರು ಉಡುಪಿ, ಕುಂದಾಪುರ ಅನ್ನುವವರು, ಟೇಬಲ್ಲಲ್ಲಿ ಕನ್ನಡ, ತುಳು, ಹಿಂದಿ ಎಲ್ಲ ಒಟ್ಟಿಗೇ ಓಡ್ತದೆ. ಒಂದು ದೊಡ್ಡ ಕ್ಯಾಂಪೇನ್ ಪೂರ್ತಿ ಈ ಪದ್ಧತಿಯಲ್ಲೇ ಮುಗಿಸಿದ್ದೇವೆ, ಈಗಿನದ್ದೂ ಹಾಗೇ ನಡೀತಾ ಉಂಟು. ನನ್ನ ಅಭಿಪ್ರಾಯ ಏನಂದ್ರೆ ಕಾರ್ಡಿನಿಂದ ಚಿತ್ರ, ಹೆಸರು, ಅಡ್ಡ ತಿರುಗಿಸುವ ಪದ್ಧತಿ ಇಷ್ಟು ಮಾತ್ರ ತಗೊಳ್ಳಿ, ಅದ್ರ ಮೇಲೆ ಅಚ್ಚಾದ ನಂಬರನ್ನ ಮಾತ್ರ ತಗೊಳ್ಬೇಡಿ.

ಎರಡೂ ಆಟ ಒಂದೇ ಮನೆಯದ್ದು ಅಂತ ಗೊತ್ತಿಲ್ಲದವರಿಗೆ: ಡಿ ಆ್ಯಂಡ್ ಡಿ 1974ರದ್ದು, ಮ್ಯಾಜಿಕ್ ರಿಚರ್ಡ್ ಗಾರ್ಫೀಲ್ಡ್ ಮಾಡಿದ್ದು 1993ರಲ್ಲಿ, ಆಮೇಲೆ 1997ರಲ್ಲಿ ಮ್ಯಾಜಿಕ್ ತರುವ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪೆನಿಯೇ ಡಿ ಆ್ಯಂಡ್ ಡಿ ತರ್ತಿದ್ದ ಟಿಎಸ್ಆರ್‌ನ್ನ ಕೊಂಡ್ಕೊಂಡಿತು. ಹಾಗಂತ ಲೆಕ್ಕಾಚಾರ ಒಂದಕ್ಕೊಂದು ಹೊಂದುದಿಲ್ಲ, ಅದನ್ನ ಕೆಳಗೆ ಹೇಳ್ತೇನೆ.

ಕಾರ್ಡಿನಿಂದ ಆಗುವ ದೊಡ್ಡ ಉಪಕಾರ ಅಂದ್ರೆ ನೆನಪು. ಕ್ಯಾರೆಕ್ಟರ್ ಶೀಟಿನ (ಪಾತ್ರದ ವಿವರ ಬರೆದಿಡುವ ಹಾಳೆಯ) ಹಿಂದಿನ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದ ಐಟಂ ಬೇಕಾದ ಹೊತ್ತಿಗೆ ಯಾರಿಗೂ ನೆನಪಾಗುದಿಲ್ಲ, ಫೈಟು ಮುಗಿದು ಚಾ ಕುಡಿಯುವಾಗ ಅಯ್ಯೋ ನನ್ನ ಹತ್ರ ಆ ಉಂಗುರ ಇತ್ತಲ್ಲ ಅಂತ ತಲೆ ಮೇಲೆ ಕೈ ಇಡುದು ಎಲ್ಲ ಗುಂಪಿನಲ್ಲೂ ಉಂಟು. ಕಾರ್ಡು ಕಣ್ಣೆದುರು ಬಿದ್ಕೊಂಡಿದ್ರೆ ಆ ಮಾತೇ ಇಲ್ಲ. ಡಿ ಆ್ಯಂಡ್ ಡಿಯ ಐದನೇ ಎಡಿಷನ್ನಿನಲ್ಲಿ ಒಬ್ಬನಿಗೆ ಮೂರೇ ಐಟಂ ಅಟ್ಯೂನ್ (ಶಕ್ತಿ ಸಿಗ್ಲಿಕ್ಕೆ ತನಗೆ ಹೊಂದಿಸ್ಕೊಳ್ಳುದು) ಮಾಡ್ಲಿಕ್ಕೆ ಬರುದು, ಹಾಗಾಗಿ ಅಟ್ಯೂನ್ ಆದ ಮೂರು ಕಾರ್ಡ್ ಶೀಟಿನ ಮೇಲೆ, ಉಳಿದದ್ದು ಶೀಟಿನ ಕೆಳಗೆ, ನೋಡಿದ ಕೂಡ್ಲೇ ಎಲ್ಲರಿಗೂ ಗೊತ್ತಾಗ್ತದೆ. ಮ್ಯಾಜಿಕ್ಕಿನಲ್ಲಿ ಉಪಯೋಗಿಸಿದ ಕಾರ್ಡನ್ನ ಅಡ್ಡ ತಿರುಗಿಸಿ ಇಡ್ತಾರಲ್ಲ, ಟ್ಯಾಪ್ ಮಾಡುದು ಅಂತ, ನಮ್ಮಲ್ಲಿ ಅಡ್ಡ ಇದ್ರೆ ಇವತ್ತಿನ ಪಾಲು ಮುಗೀತು ಅಂತ ಅರ್ಥ, ಲಾಂಗ್ ರೆಸ್ಟ್ (ಪಾತ್ರಗಳ ರಾತ್ರಿ ವಿಶ್ರಾಂತಿ) ಅಂದ ಕೂಡ್ಲೇ ಎಲ್ಲರೂ ತಮ್ಮ ತಮ್ಮ ಕಾರ್ಡ್ ಸೀದಾ ಮಾಡ್ತಾರೆ. ದಿನಕ್ಕೆ ಎಷ್ಟು ಸಲ ಅಂತ ಲೆಕ್ಕ ಇಡುವ ಕಿರಿಕಿರಿಯೇ ಹೋಯ್ತು. ಮತ್ತೆ ಹೆಚ್ಚುಕಡಿಮೆ ಎಲ್ಲ ಮ್ಯಾಜಿಕ್ ಕಾರ್ಡಿನ ಬೆನ್ನು 1993ರಿಂದ ಒಂದೇ ಡಿಸೈನ್, ಹಾಗಾಗಿ ಗುರುತು ಹಿಡಿಯದ ಐಟಂನ್ನ ಕವುಚಿ ಕೊಡ್ತೇನೆ, ಶಾರ್ಟ್ ರೆಸ್ಟಿನಲ್ಲಿ (ಆಟದೊಳಗಿನ ಒಂದು ಗಂಟೆ ವಿಶ್ರಾಂತಿ) ಕೂತು ಪರೀಕ್ಷೆ ಮಾಡಿದ್ರೋ ಐಡೆಂಟಿಫೈ ಸ್ಪೆಲ್ (ವಸ್ತುವಿನ ಗುಣ ತಿಳಿಸುವ ಮಂತ್ರ) ಹಾಕಿದ್ರೋ ಆಗ ತಿರುಗಿಸಿ ನೋಡ್ಬಹುದು. ಆ ಒಂದು ಗಂಟೆ ಕವುಚಿದ ಕಾರ್ಡನ್ನ ಅವರು ನೋಡುವ ನೋಟ ಇದ್ಯಲ್ಲ, ಡಿಎಂ ಆದವರಿಗೆ ಅದಕ್ಕಿಂತ ದೊಡ್ಡ ಸಂಭಾವನೆ ಇಲ್ಲ ಮಾರಾಯ್ರೆ.

ಇನ್ನು ನಂಬರಿನ ವಿಷಯ. ಲೊಕ್ಸೊಡಾನ್ ವಾರ್‌ಹ್ಯಾಮರ್ ಅಂತ ಒಂದು ಕಾರ್ಡ್ ಉಂಟು, ಹಿಡಿದವನಿಗೆ +3 ಶಕ್ತಿ, ಮೇಲಿಂದ ಲೈಫ್‌ಲಿಂಕ್, ಅಂದ್ರೆ ಹೊಡೆದಷ್ಟು ನಮ್ಮ ಲೈಫ್ ಏರ್ತದೆ. ಕಾರ್ಡಾಟದಲ್ಲಿ ಸರಿ, ಯಾಕಂದ್ರೆ ಅಲ್ಲಿ 20 ಲೈಫಿಂದ ಶುರು, ಆಟ ಬೇಗ ಮುಗೀತದೆ. ಡಿ ಆ್ಯಂಡ್ ಡಿಯಲ್ಲಿ ಡಿ20 ಅನ್ನುವ 20 ಮುಖದ ದಾಳದ ಮೇಲೆ ಒಂದೊಂದು ಪ್ಲಸ್ಸೂ ಏಟು ತಾಗುವ ಅವಕಾಶವನ್ನ ಶೇಕಡ 5ರಷ್ಟು ಏರಿಸ್ತದೆ, +3 ಆಯುಧ ಪುಸ್ತಕದ ಪ್ರಕಾರವೇ ವೆರಿ ರೇರ್, ಅದನ್ನ ಮೂರನೇ ಲೆವೆಲ್ಲಿನವನ ಕೈಗೆ ಕೊಟ್ರೆ ಮುಂದೆ ಆರು ತಿಂಗಳು ಯಾವ ರಾಕ್ಷಸನೂ ಅವನೆದುರು ನಿಲ್ಲುದಿಲ್ಲ. ನಾನು ಅದನ್ನ +1 ಮಾಡಿದೆ, ಲೈಫ್‌ಲಿಂಕನ್ನ ದಿನಕ್ಕೊಂದು ಸಲ ಕಾರ್ಡ್ ಟ್ಯಾಪ್ ಮಾಡಿ ಒಂದು ಡಿ6 (ಆರು ಮುಖದ ದಾಳ) ಎಸೆದಷ್ಟು ಗುಣ ಆಗ್ಲಿಕ್ಕೆ ಇಟ್ಟೆ. ಫೈಟರ್ ಆಡುವವನಿಗೆ ಬೇಸರ ಆಗ್ಲಿಲ್ಲ, ಅವನಿಗೆ ಆ ಸುತ್ತಿಗೆಯ ಚಿತ್ರ ಸಾಕಿತ್ತು.

ಕಾರ್ಡಿನ ರೇರಿಟಿ (ಎಷ್ಟು ಅಪರೂಪ ಅಂತ ತೋರಿಸುವ) ಬಣ್ಣ ನೋಡಿ ಐಟಂ ಎಷ್ಟು ಜೋರು ಅಂತ ತೀರ್ಮಾನ ಮಾಡ್ಲೇಬೇಡಿ. ಕಪ್ಪು ಕಾಮನ್, ಬೆಳ್ಳಿ ಅನ್‌ಕಾಮನ್, ಚಿನ್ನ ರೇರ್, ಕೇಸರಿ ಮಿಥಿಕ್, ನೋಡ್ಲಿಕ್ಕೆ ಡಿ ಆ್ಯಂಡ್ ಡಿ ಪುಸ್ತಕದ ಪಟ್ಟಿಗೆ ಹೊಂದಿದ ಹಾಗೇ ಕಾಣ್ತದೆ, ಆದ್ರೆ ಸ್ಕಲ್‌ಕ್ಲ್ಯಾಂಪ್ ಅನ್ನುವ ಕಾರ್ಡ್ ಬರೀ ಅನ್‌ಕಾಮನ್, 2004ರಲ್ಲಿ ಬಂತು, ಅದೇ ವರ್ಷ ಸ್ಟ್ಯಾಂಡರ್ಡ್ ಆಟದಿಂದ (ಹೊಸ ಸೆಟ್ಟಿನ ಕಾರ್ಡು ಮಾತ್ರ ನಡೆಯುವ ಪಂದ್ಯ) ಬ್ಯಾನ್ ಆಯ್ತು, ಅಷ್ಟು ಜೋರು ಅದು. ಅದನ್ನ ಹಾಕಿದವ ಸತ್ರೆ ಎರಡು ಕಾರ್ಡ್ ಎಳೀಬಹುದು. ಡಿ ಆ್ಯಂಡ್ ಡಿಯಲ್ಲಿ ಕಾರ್ಡ್ ಎಳೆಯುದು ಅಂತ ಇಲ್ವಲ್ಲ, ಇಲ್ಲಿ ನಾವು ಕಂಡ್ಕೊಂಡ ದಾರಿ ನನಗೆ ತುಂಬ ಇಷ್ಟ: ಕಾರ್ಡ್ ಎಳೆಯುದು ಅಂದ್ರೆ ಡಿಎಂ ಹತ್ರ ಪ್ರಶ್ನೆ ಕೇಳುದು. ಆ ಶಿರಸ್ತ್ರಾಣ ಹಾಕಿದವ 0 ಹಿಟ್ ಪಾಯಿಂಟಿಗೆ (ಜೀವಬಲಕ್ಕೆ) ಬಿದ್ರೆ ಎರಡು ಪ್ರಶ್ನೆ, ನಾನು ಸತ್ಯವೇ ಹೇಳ್ಬೇಕು. ಈಗ ಅದನ್ನ ಹಾಕ್ಕೊಂಡು ಬೇಕಂತಲೇ ಮುಂದೆ ನುಗ್ಗುವವರಿದ್ದಾರೆ, ಕ್ಯಾಂಪೇನಿನ ಎಷ್ಟೋ ಗುಟ್ಟು ಹೊರಗೆ ಬಂದದ್ದು ಹಾಗೆ.

ಆದ್ರೆ ಈ ಪದ್ಧತಿಯನ್ನ ನಾನು ಬಿಡದೇ ಇರ್ಲಿಕ್ಕೆ ಕಾರಣ ಲೈಟ್ನಿಂಗ್ ಗ್ರೀವ್ಸ್. 2003ರಲ್ಲಿ ಮಿರೊಡಿನ್ ಸೆಟ್ಟಿನಲ್ಲಿ ಬಂದ ಬೂಟು, ಅದಕ್ಕೆ ಎರಡು ಗುಣ, ಹೇಸ್ಟ್ (ವೇಗ) ಮತ್ತೆ ಶ್ರೌಡ್. ಹೇಸ್ಟನ್ನ ಬೋನಸ್ ಆ್ಯಕ್ಷನ್ನಿನಲ್ಲಿ (ಸರದಿಯ ಮುಖ್ಯ ಆ್ಯಕ್ಷನ್ ಬಿಟ್ಟು ಸಿಗುವ ಸಣ್ಣ ಕೆಲಸ) ಡ್ಯಾಶ್, ಅಂದ್ರೆ ಹೆಚ್ಚು ದೂರ ಓಡುದು, ಅಂತ ಮಾಡಿದ್ವಿ. ಶ್ರೌಡ್ ಅಂದ್ರೆ ಅದನ್ನ ಹಾಕಿದವನನ್ನ ಯಾವ ಸ್ಪೆಲ್ಲಿಗೂ ಟಾರ್ಗೆಟ್ ಮಾಡ್ಲಿಕ್ಕಾಗುದಿಲ್ಲ, ಶತ್ರು ಮಾತ್ರ ಅಲ್ಲ, ನಮ್ಮವರೂ ಸಹ. ಸ್ವಿಫ್ಟ್‌ಫುಟ್ ಬೂಟ್ಸ್ ಅಂತ ಇನ್ನೊಂದು ಉಂಟು, ಅದು ಶತ್ರುವನ್ನ ಮಾತ್ರ ತಡೀತದೆ, ಆದ್ರೆ ನಾನು ಬೇಕಂತಲೇ ಗ್ರೀವ್ಸ್ ಕೊಟ್ಟೆ, ಮತ್ತೆ ಅದಕ್ಕೆ ಅಟ್ಯೂನ್ ಬೇಡ, ಹಾಕುದು ತೆಗೆಯುದು ಒಂದು ಆ್ಯಕ್ಷನ್ ಅಂತ ಮಾಡಿದೆ. ರೋಗ್ (ಕಳ್ಳನ ಪಾತ್ರ) ಆಡುವ ಡೊಂಬಿವಲಿಯ ಹುಡುಗ ಅದನ್ನ ಹಾಕ್ಕೊಂಡು ವಾರಗಟ್ಟಲೆ ಮೆರೆದ, ಯಾವ ಮಾಂತ್ರಿಕನ ಸ್ಪೆಲ್ಲೂ ಅವನಿಗೆ ತಾಗುದಿಲ್ಲ. ಆಮೇಲೆ ಒಂದು ಭಾನುವಾರ ಗುಹೆಯೊಳಗೆ ಬಿದ್ದ, 0 ಹಿಟ್ ಪಾಯಿಂಟ್, ಡೆತ್ ಸೇವಿನಲ್ಲಿ (ಬದುಕುದೋ ಸಾಯುದೋ ಅಂತ ಎಸೆಯುವ ದಾಳ) ಎರಡು ಫೇಲ್ ಆಗಿದೆ, ಮೂರನೇದು ಫೇಲಾದ್ರೆ ಸತ್ತ, ಕ್ಲೆರಿಕ್ (ಪುರೋಹಿತರ ಪಾತ್ರ) ಆಡುವ ಅಕ್ಕ ಹೀಲಿಂಗ್ ವರ್ಡ್ (ಗುಣ ಮಾಡುವ ಸ್ಪೆಲ್) ಅಂತ ಬಾಯಿ ತೆರೆದವರು ಅರ್ಧಕ್ಕೇ ನಿಲ್ಲಿಸಿದ್ರು, ಯಾಕಂದ್ರೆ ಬೂಟು ಎಲ್ಲರ ಕಣ್ಣೆದುರೇ ಉಂಟು. ಎಲ್ಲ ಸುಮ್ಮನಾದ್ರು. ಅಕ್ಕ ಕುರ್ಚಿಯಿಂದ ಎದ್ದು ಕೈ ಚಾಚಿ ಅವನ ಶೀಟಿನ ಹತ್ರ ಇದ್ದ ಆ ಕಾರ್ಡನ್ನ ಎಳೆದು ತಮ್ಮ ಮುಂದೆ ಇಟ್ಕೊಂಡು "ಓಡಿ ಹೋಗಿ ಬೂಟು ಕಳಚಿದೆ ಮಾರಾಯ, ನನ್ನ ಆ್ಯಕ್ಷನ್ ಇದೇ, ಈಗ ಬೋನಸ್ ಆ್ಯಕ್ಷನ್ನಲ್ಲಿ ಹೀಲಿಂಗ್ ವರ್ಡ್" ಅಂದ್ರು. ರೂಲಿಗೂ ಸರಿ, ಹುಡುಗ ಬದುಕಿದ, ಪಕ್ಕದ ಫ್ಲ್ಯಾಟಿನವರು ಬಂದು ಬೆಲ್ ಮಾಡುವಷ್ಟು ಬೊಬ್ಬೆ ಆಯ್ತು. ಶೀಟಿನಲ್ಲಿ ಬರೆದ ಬೂಟಾಗಿದ್ರೆ ಯಾರು ಕಳಚ್ತಿದ್ರು ಹೇಳಿ? ಅದು ಅಲ್ಲಿ ವಸ್ತುವಾಗಿ ಇತ್ತು, ಹಾಗಾಗಿ ಕೈ ಹಾಕಿ ತೆಗೆಯುವ ಯೋಚನೆ ಬಂತು. ಬೂಟು ಈಗಲೂ ಅಕ್ಕನ ಹತ್ರವೇ ಉಂಟು, ಅವ ವಾಪಸ್ ಕೇಳ್ಲಿಲ್ಲ.

ಲೂಟಿಗೆ ನಾನು ಒಂದು ಸಣ್ಣ ಡೆಕ್ (ಕಾರ್ಡಿನ ಕಟ್ಟು) ಮಾಡಿ ಇಟ್ಟಿದ್ದೇನೆ, ಪೆಟ್ಟಿಗೆ ತೆರೆದವರು ಮೇಲಿಂದ ಎಳೀಬೇಕು. ಇಲಿಕ್ಸರ್ ಆಫ್ ಇಮ್ಮಾರ್ಟಾಲಿಟಿ ಕಾರ್ಡು ಮ್ಯಾಜಿಕ್ಕಿನಲ್ಲಿ ಉಪಯೋಗಿಸಿದ ಮೇಲೆ ತಾನೇ ಡೆಕ್ಕಿಗೆ ವಾಪಸ್ ಹೋಗಿ ಶಫಲ್ ಆಗ್ತದೆ, ಅದನ್ನ ಹಾಗೇ ಉಳಿಸ್ಕೊಂಡಿದ್ದೇವೆ, ಕುಡಿದು ಮುಗಿದ ಔಷಧಿ ಇನ್ಯಾವುದೋ ಪೆಟ್ಟಿಗೆಯಲ್ಲಿ ಮತ್ತೆ ಸಿಗ್ತದೆ. ಮೆಗಾಬ್ಲಾಕ್ (ರಿಪೇರಿಗೆ ಲೋಕಲ್ ಟ್ರೈನ್ ನಿಲ್ಲಿಸುದು) ಇರುವ ಭಾನುವಾರ ಯಾರಾದ್ರೂ ಬರ್ಲಿಕ್ಕಾಗದಿದ್ರೆ ಅವರ ಕಾರ್ಡು ಅವರ ಹೆಸರಿನ ಲಕೋಟೆಯಲ್ಲಿ ಮಾಟುಂಗದಲ್ಲೇ ಇರ್ತದೆ, ಯಾವ ಐಟಂ ಯಾರ ಹತ್ರ ಇತ್ತು ಅನ್ನುವ ಚರ್ಚೆಯೇ ಬರುದಿಲ್ಲ.

2021ರಲ್ಲಿ ಅಡ್ವೆಂಚರ್ಸ್ ಇನ್ ದ ಫರ್ಗಾಟನ್ ರೆಲ್ಮ್ಸ್ ಅಂತ ಪೂರ್ತಿ ಡಿ ಆ್ಯಂಡ್ ಡಿ ಲೋಕದ್ದೇ ಮ್ಯಾಜಿಕ್ ಸೆಟ್ ಬಂತು, ವೋರ್ಪಲ್ ಸೋರ್ಡ್, ಹ್ಯಾಂಡ್ ಆಫ್ ವೆಕ್ನಾ, ಪೋರ್ಟಬಲ್ ಹೋಲ್, ಡೆಕ್ ಆಫ್ ಮೆನಿ ಥಿಂಗ್ಸ್ ಎಲ್ಲ ಉಂಟು. ಇದನ್ನೇ ತಗೊಂಡ್ರೆ ಕೆಲಸ ಸುಲಭ ಅಂತ ಹೆಚ್ಚಿನವರು ಹೇಳ್ತಾರೆ, ನನಗೆ ಹಾಗನಿಸುದಿಲ್ಲ. ವೋರ್ಪಲ್ ಕತ್ತಿ ಎಂತ ಮಾಡ್ತದೆ ಅಂತ ಪುಸ್ತಕ ಓದಿದ ಪ್ಲೇಯರಿಗೆ ಮೊದ್ಲೇ ಗೊತ್ತು, ಕಾರ್ಡಿನಲ್ಲಿ ಬೇರೆ ಬರೆದಿರ್ತದೆ, ಎರಡರ ನಡುವೆ ಯಾವುದು ಸರಿ ಅಂತ ಮಾತು ಶುರು. ಯಾರೂ ಕೇಳದ ಹೆಸರಿನ ಹಳೇ ಆರ್ಟಿಫ್ಯಾಕ್ಟ್ (ವಸ್ತುವಿನ) ಕಾರ್ಡೇ ಒಳ್ಳೇದು, ಅದ್ರ ಬಗ್ಗೆ ನೀವು ಹೇಳಿದ್ದೇ ಕಥೆ.

ಕಾರ್ಡಿನ ಟೆಕ್ಸ್ಟ್ ಕಣ್ಣಿಗೆ ಕಾಣ್ತಾ ಇದ್ರೆ ಮ್ಯಾಜಿಕ್ ಆಡಿ ಗೊತ್ತಿದ್ದವ ಒಬ್ಬ ಇಲ್ಲಿ ಹೀಗೆ ಬರೆದಿದೆಯಲ್ಲ ಅಂತ ವಾದ ಮಾಡಿಯೇ ಮಾಡ್ತಾನೆ, ಮ್ಯಾಜಿಕ್ ಗೊತ್ತಿಲ್ಲದವರಿಗೆ ಆ ಸಿಂಬಲ್‌ಗಳು ತಲೆನೋವು. ಇದಕ್ಕೆ ಪರಿಹಾರ ಚೀಟಿ. ಅಂದಾಜು 55 ಮಿಲಿಮೀಟರ್ ಅಗಲ, 30 ಎತ್ತರದ ಬಿಳಿ ಕಾಗದದಲ್ಲಿ ನಮ್ಮ ಆಟದ ರೂಲನ್ನ ಕನ್ನಡದಲ್ಲಿ ಬರೆದು ಸ್ಲೀವಿನ (ಕಾರ್ಡಿನ ಪ್ಲಾಸ್ಟಿಕ್ ಕವರಿನ) ಒಳಗೆ ಟೆಕ್ಸ್ಟ್ ಬಾಕ್ಸಿನ ಮೇಲೆ ಬರುವ ಹಾಗೆ ಜಾರಿಸುದು, ಅಂಟಿಸುದು ಬೇಡ, ಕಾರ್ಡಿಗೆ ಏನೂ ಆಗುದಿಲ್ಲ. ಎರಡು ಸಾಲಿಗಿಂತ ಹೆಚ್ಚು ಬರೀಬೇಕಾಯ್ತು ಅಂದ್ರೆ ಆ ಐಟಂ ತುಂಬ ಗೋಜಲು, ಕಡಿಮೆ ಮಾಡಿ.

ಮುಂಬೈಯ ಮಳೆಗಾಲದಲ್ಲಿ ಫಾಯಿಲ್ (ಮಿನುಗುವ ಪದರದ) ಕಾರ್ಡ್ ಇದಕ್ಕೆ ಆಗುದೇ ಇಲ್ಲ. ಹಿಂದಿನ ಕಾಗದ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಮುಂದಿನ ಫಾಯಿಲ್ ಪದರ ಹಿಗ್ಗುದಿಲ್ಲ, ಜುಲೈ ಬರುವಷ್ಟರಲ್ಲಿ ಹಪ್ಪಳದ ಹಾಗೆ ಮುಖದ ಕಡೆಗೆ ಬಾಗಿಬಿಡ್ತದೆ, ಟೇಬಲ್ಲಿನಲ್ಲಿ ಚಪ್ಪಟೆ ಕೂರುದಿಲ್ಲ, ಕವುಚಿ ಇಟ್ರೆ ಯಾವ ಕಾರ್ಡು ಅಂತ ಬೆನ್ನು ನೋಡಿಯೇ ಗೊತ್ತಾಗ್ತದೆ. ಸಾದಾ ಕಾರ್ಡು, ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಇಷ್ಟಿದ್ರೆ ಸಾಕು. ಬೆಲೆ ಬಾಳುವ ಕಾರ್ಡಂತೂ ತರ್ಲೇಬೇಡಿ, ನಮ್ಮ ಟೇಬಲ್ಲಲ್ಲಿ ಗೋಳಿಬಜೆ ಬರ್ತದೆ, ಎಣ್ಣೆ ಕೈ ಎಲ್ಲರದ್ದೂ.

ಹೊಸತಾಗಿ ಶುರು ಮಾಡುವವರು ಬೂಸ್ಟರ್ ಪ್ಯಾಕ್ (ಒಳಗೆ ಯಾವ ಕಾರ್ಡು ಅಂತ ಗೊತ್ತಿಲ್ಲದ ಪೊಟ್ಟಣ) ಒಡೀತಾ ಕೂರ್ಬೇಡಿ, ಬೇಕಾದ ಆರ್ಟಿಫ್ಯಾಕ್ಟ್ ಕಾಮನ್, ಅನ್‌ಕಾಮನ್ ಬಿಡಿಬಿಡಿಯಾಗಿ ತಗೊಳ್ಳಿ, ಇಲ್ಲದಿದ್ರೆ ಬಲ್ಕ್ (ರಾಶಿಯಾಗಿ) ತಗೊಳ್ಳಿ. ನಾನು ಆನ್‌ಲೈನಲ್ಲಿ ತರಿಸಿದ ಒಂದು ಬಲ್ಕ್ ಡಬ್ಬಿಯಲ್ಲಿ ಅರ್ಧಕ್ಕರ್ಧ ಬರೀ ಲ್ಯಾಂಡ್ ಕಾರ್ಡೇ ತುಂಬಿಸಿ ಕಳಿಸಿದ್ರು, ಮೊದ್ಲು ಸಿಟ್ಟು ಬಂತು, ಆಮೇಲೆ ನೋಡಿದ್ರೆ ಕಾಡು, ದ್ವೀಪ, ಜೌಗು, ಬೆಟ್ಟದ ಎಂಥ ಚಂದ ಚಿತ್ರಗಳು ಅಂತೀರಿ, ಈಗ ಪಾರ್ಟಿ (ಪಾತ್ರಗಳ ತಂಡ) ಹೊಸ ಜಾಗಕ್ಕೆ ಹೋದಾಗ ವರ್ಣನೆ ಮಾಡುವ ಮೊದ್ಲು ಒಂದು ಲ್ಯಾಂಡ್ ಕಾರ್ಡ್ ಮಧ್ಯದಲ್ಲಿ ಇಡ್ತೇನೆ. ಸ್ಲೀವು, ಚೀಟಿ ಕಾಗದ, ಲಕೋಟೆ ಎಲ್ಲ ಒಟ್ಟಿಗೆ ತರುವವರಿದ್ರೆ ಒಂದು ಮಾತು: ಲಕೋಟೆ, ಕಾಗದ ಕ್ರಾಫರ್ಡ್ ಮಾರ್ಕೆಟ್ ಹತ್ರದ ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಆರಾಮ ಸಿಗ್ತದೆ, ಸ್ಲೀವ್ ಮಾತ್ರ ಅಳತೆ ನೋಡಿ ತಗೊಳ್ಳಿ. ಮ್ಯಾಜಿಕ್ ಕಾರ್ಡ್ 63×88 ಮಿಲಿಮೀಟರ್, ಅದಕ್ಕೆ 66×91ರ ಸ್ಟ್ಯಾಂಡರ್ಡ್ ಸ್ಲೀವ್ ಬೇಕು, ಯು-ಗಿ-ಓ ಅನ್ನುವ ಇನ್ನೊಂದು ಆಟದ ಕಾರ್ಡಿಗೆ ಬರುವ 62×89ರ ಜಪಾನೀಸ್ ಸೈಜ್ ತಂದ್ರೆ ಕಾರ್ಡ್ ಒಳಗೆ ಹೋಗುದೇ ಇಲ್ಲ.