1098 ಮಕ್ಕಳ ಸಹಾಯವಾಣಿ: ಒಬ್ಬ ತಾಯಿಯ ಅನುಭವ

ಆರನೇ ತರಗತಿಯ ನನ್ನ ಮಗ ಶಾಲಾ ವಾಹನದಲ್ಲಿ ಹಿರಿಯ ಹುಡುಗರ ಕಿರುಕುಳಕ್ಕೆ ಗುರಿಯಾಗಿ, ಹರಿದ ಬ್ಯಾಗು ಮತ್ತು ಮುಟ್ಟದ ಊಟದ ಡಬ್ಬಿಯೊಂದಿಗೆ ಮನೆಗೆ ಬರುತ್ತಿದ್ದಾಗ, ಶಾಲೆಯವರು ‘ಮಕ್ಕಳೆಂದ ಮೇಲೆ ಇದೆಲ್ಲ ಇದ್ದದ್ದೇ’ ಎಂದು ಕೈತೊಳೆದುಕೊಂಡರು. 1996ರಲ್ಲಿ ಮುಂಬೈಯಲ್ಲಿ ಆರಂಭವಾಗಿ, ಇಂದು ದಿನದ 24 ಗಂಟೆಯೂ ಉಚಿತವಾಗಿ ದೊರೆಯುವ 1098 ಸೇವೆ ಬಾಲಕಾರ್ಮಿಕರಿಗಷ್ಟೇ ಮೀಸಲೆಂದು ನಾನು ಭಾವಿಸಿದ್ದೆ, ನನ್ನ ಅಜ್ಞಾನವೆನ್ನಿ. ಕರೆ ಸ್ವೀಕರಿಸಿದವರು ಮೊದಲು ಮಗನೊಂದಿಗೇ ಮಾತನಾಡಿ, ಬಳಿಕ ಯಾರು, ಯಾವಾಗ, ಎಲ್ಲಿ ಎಂಬುದನ್ನು ದಿನಾಂಕಸಹಿತ ಬರೆದಿಡಲು ಮತ್ತು ಮುಖ್ಯೋಪಾಧ್ಯಾಯರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಲು ನನಗೆ ತಿಳಿಸಿದರು. ಸಲಹೆ ಸರಳವೇ, ಆದರೆ ಕಂಗೆಟ್ಟ ಹೆತ್ತವರಿಗೆ ಅದು ಹೊಳೆಯುವುದಿಲ್ಲ. ದೂರಿನ ಪ್ರತಿಗೆ ಮೊಹರು ಬಿದ್ದ ಮೂರನೇ ದಿನ ವಾಹನದಲ್ಲಿ ಸಹಾಯಕಿಯೊಬ್ಬರು ಕಾಣಿಸಿಕೊಂಡರು. ಡಬ್ಬಿ ಈಗ ಖಾಲಿಯಾಗಿಯೇ ಬರುತ್ತಿದೆ.