ಗಮ್, ಪ್ಯಾಚ್, ಮಾತ್ರೆ: ಸಿಗರೇಟು ಬಿಡಲು ನನಗೆ ಒದಗಿದ್ದು ಯಾವುದು?

ಮೂರನ್ನೂ ಬಳಸಿ ನೋಡಿದವನು ನಾನು. ನನ್ನ ಮತ ವರೆನಿಕ್ಲಿನ್ ಮಾತ್ರೆಗೆ. ಆದರೆ ಬರೀ ಮಾತ್ರೆ ಸಾಲದು, ಮನೆಯವರೂ ಬೇಕು.

ಸಿಗರೇಟಿನಲ್ಲಿ ಚಟ ಹಿಡಿಸುವ ಅಂಶವೇ ನಿಕೋಟಿನ್; ಅದನ್ನು ಹೊಗೆಯಿಲ್ಲದೆ ಕೊಡುವ ನಿಕೋಟಿನ್ ಗಮ್ ಸುಲಭವಾಗಿ ಸಿಗುತ್ತದೆ. 2 ಮಿಲಿಗ್ರಾಂನದಕ್ಕೆ ಡಾಕ್ಟರ ಚೀಟಿಯೂ ಬೇಡ. ಇದನ್ನು ಸುಮ್ನೆ ಜಗಿಯುತ್ತಾ ಇರುವುದಲ್ಲ. ಬಾಯಿ ಚುರುಗುಟ್ಟುವವರೆಗೆ ನಿಧಾನ ಅಗಿದು, ಕೆನ್ನೆಯ ಒಳಗೆ ಒತ್ತಿಟ್ಟುಕೊಳ್ಳಬೇಕು. ಚುರುಚುರು ಇಳಿದ ಮೇಲೆ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ ಬರುತ್ತದೆ. ತೊಡಕು ಇರುವುದು ಬೇರೆ ಕಡೆ. ಗಮ್ ಹಾಕಿಕೊಳ್ಳುವ 15 ನಿಮಿಷ ಮೊದಲಿನಿಂದ ಏನೂ ತಿನ್ನಬಾರದು, ಕುಡಿಯಬಾರದು. ಮುಂಬೈಯಲ್ಲಿ ಸಿಗರೇಟು ನೆನಪಾಗುವುದೇ ಆಫೀಸಿನ ಕೆಳಗಿನ ಟಪರಿಯಲ್ಲಿ, ಕೈಯಲ್ಲಿ ಕಟಿಂಗ್ ಚಹಾ ಇರುವಾಗ. ಬೇಕಾದ ಹೊತ್ತಿಗೇ ಗಮ್ ಕೈಕೊಡುತ್ತದೆ.

ಪ್ಯಾಚ್‌ನಲ್ಲಿ ಆ ರಗಳೆ ಇಲ್ಲ. ಬೆಳಿಗ್ಗೆ ತೋಳಿಗೆ ಅಂಟಿಸಿದರೆ ದಿನವಿಡೀ ನಿಕೋಟಿನ್ ಒಂದೇ ಸಮ ಒಳಗೆ ಹೋಗುತ್ತದೆ. 21, 14, 7 ಮಿಲಿಗ್ರಾಂ ಎಂದು ಇಳಿಸುತ್ತಾ ಬರಬಹುದು. ಆದರೆ ಮೇ ತಿಂಗಳ ಸೆಕೆಯಲ್ಲಿ, ಡೊಂಬಿವಲಿ ಲೋಕಲ್‌ನ ನೂಕುನುಗ್ಗಲಲ್ಲಿ ಬೆವರಿಗೆ ಅದರ ಅಂಚು ಎದ್ದು ಬರುತ್ತಿತ್ತು. ಚರ್ಮ ಬೇರೆ ತುರಿಸುತ್ತಿತ್ತು. ಊಟವಾದ ತಕ್ಷಣ ಬರುವ ಚಡಪಡಿಕೆಗೆ ಪ್ಯಾಚ್ ಒಂದೇ ಸಾಲುವುದಿಲ್ಲ. ಅದಕ್ಕೇ ಡಾಕ್ಟರು ಪ್ಯಾಚ್ ಜೊತೆ ಗಮ್ಮನ್ನೂ ಕೊಡುವುದುಂಟು. ಎರಡೂ ಸೇರಿದರೆ ಬಲ ಜಾಸ್ತಿ.

ವರೆನಿಕ್ಲಿನ್‌ನಲ್ಲಿ ನಿಕೋಟಿನ್ನೇ ಇಲ್ಲ. ಮಿದುಳಿನಲ್ಲಿ ನಿಕೋಟಿನ್ ಹೋಗಿ ಕೂರುವ ಜಾಗದಲ್ಲಿ ತಾನು ಕೂತುಬಿಡುತ್ತದೆ. ಚಡಪಡಿಕೆ ತಗ್ಗುತ್ತದೆ, ಸೇದಿದರೂ ಆ ಮಜಾ ಸಿಗುವುದಿಲ್ಲ. ಮೊದಲ ದಿನವೇ ಬಿಡಬೇಕೆಂದಿಲ್ಲ, ಇದು ನನಗೆ ತುಂಬ ಹಿಡಿಸಿತು. ಬಿಡುವ ತಾರೀಕು ಗೊತ್ತುಮಾಡಿ, ಒಂದು ವಾರ ಮೊದಲು 0.5 ಮಿಲಿಗ್ರಾಂನಿಂದ ಶುರು. ಆಮೇಲೆ 1 ಮಿಲಿಗ್ರಾಂ ದಿನಕ್ಕೆರಡು ಸಲ, ಒಟ್ಟು 12 ವಾರ. ಹೊಟ್ಟೆ ತೊಳಸುತ್ತದೆ, ಹಾಗಾಗಿ ಊಟ ಮಾಡಿ ತುಂಬ ನೀರಿನ ಜೊತೆ ನುಂಗಬೇಕು. ವಿಚಿತ್ರ ಕನಸುಗಳೂ ಬೀಳುತ್ತವೆ. ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ. ಕಿಡ್ನಿ ತೊಂದರೆ ಇದ್ದರಂತೂ ಮೊದಲೇ ಹೇಳಿ.

ಇನ್ನು ಮನೆಯವರು. ಅಮ್ಮ ಪ್ರೀತಿಯಿಂದಲೇ ಅಂಗಿ ಮೂಸಿ ನೋಡುತ್ತಿದ್ದರು. ನನಗೆ ಸಿಟ್ಟು ಏರುತ್ತಿತ್ತು. ಬಿಟ್ಟ ಹೊಸದರಲ್ಲಿ ಸಿಡುಕು ಹೆಚ್ಚು, ಅಲ್ವಾ? ಹೆಂಡತಿ ಒಂದೇ ಮಾತು ಕೇಳಿದಳು: "ಯಾವ ಹೊತ್ತಲ್ಲಿ ಜಾಸ್ತಿ ಬೇಕನಿಸುತ್ತೆ ಹೇಳ್ರೀ, ಆಗ ನಾನು ಜೊತೆಗಿರ್ತೀನಿ." ರಾತ್ರಿ ಊಟವಾದ ಕೂಡಲೇ ಇಬ್ಬರೂ ಕೆಳಗಿಳಿದು ನಡೆಯತೊಡಗಿದೆವು. ಚಡಪಡಿಕೆ ಬಂದರೆ ಕೆಲವು ನಿಮಿಷ ಅಷ್ಟೇ, ಆಮೇಲೆ ತಾನಾಗಿ ಇಳಿಯುತ್ತದೆ. ಆ ನಿಮಿಷಗಳನ್ನು ದಾಟಿಸಲು ಪಕ್ಕದಲ್ಲಿ ಒಬ್ಬರು ಬೇಕು. ಕಾವಲು ಕಾಯುವವರು ಬೇಡ.

ಅಂಧೇರಿ, ಪೊವಾಯಿ ಕಡೆ ಪಿಜಿಯಲ್ಲಿ ಒಬ್ಬರೇ ಇರುವ ನಮ್ಮ ಹುಡುಗರು 1800-11-2356ಕ್ಕೆ ಫೋನ್ ಮಾಡಿ. ಸಿಗರೇಟು ಪ್ಯಾಕಿನ ಮೇಲೇ ಈ ನಂಬರ್ ಇರುತ್ತದೆ. ಸರ್ಕಾರದ ಉಚಿತ ಸೇವೆ, ಕನ್ನಡದಲ್ಲೂ ಮಾತಾಡುತ್ತಾರೆ.